ಹಿಂಗಾಲು ಎಳೆಯುವ ನಾಯಿಗೆ ಅಕ್ಯುಪಂಕ್ಚರ್ ಮಾಡಿಸುವುದು ಹೇಗೆ

ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಬೇಕು, ಅಕ್ಯುಪಂಕ್ಚರ್‌ನ ಸೂಜಿ ಆಮೇಲೆ. ಮುದಿ ಲ್ಯಾಬ್ರಡಾರ್‌ನ ಸೊಂಟದ ಕೀಲು ಸವೆದಿರಲಿ, ಡ್ಯಾಶ್‌ಹಂಡ್‌ನ ಬೆನ್ನಿನ ಡಿಸ್ಕ್ ಜಾರಿರಲಿ, ನಮ್ಮ ಕಣ್ಣಿಗೆ ಬೀಳುವುದು ಹಿಂಗಾಲಿನ ತಡವರಿಕೆಯಷ್ಟೇ. ಎಕ್ಸ್‌ರೇ, ನರಗಳ ಪರೀಕ್ಷೆ ಎರಡೂ ಆಗಲಿ. ವೈದ್ಯರು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಒತ್ತಿದಾಗ ನಾಯಿ ತಿರುಗಿ ನೋಡಬೇಕು, ಇಲ್ಲವೇ ಕೂಗಬೇಕು. ಬರೀ ಕಾಲು ಹಿಂದಕ್ಕೆಳೆದರೆ ಸಾಲದು. ನೋವು ಮೆದುಳಿಗೆ ಮುಟ್ಟದಿದ್ದರೂ ಕಾಲು ತಾನಾಗಿ ಸರಿಯುತ್ತದೆ. ಡಿಸ್ಕ್ ಜಾರಿ ನೋವೇ ತಿಳಿಯದಂತಾಗಿದ್ದರೆ ಅದು ಶಸ್ತ್ರಚಿಕಿತ್ಸೆಯ ತುರ್ತು. ನಾಲ್ಕು ಸಲ ಸೂಜಿ ಹಾಕಿಸಿ ನೋಡೋಣ ಎಂದು ಕಾಯಬೇಡಿ.

ನಮ್ಮ ಕಡೆ ಇನ್ನೊಂದು ಕಾಟ ಉಣ್ಣೆ ಜ್ವರ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಕುಸಿಯುತ್ತದೆ, ಸೂಜಿ ಚುಚ್ಚಿದಲ್ಲಿ ರಕ್ತ ಒಸರಬಹುದು. ಆದ್ದರಿಂದ ರಕ್ತಪರೀಕ್ಷೆಯ ಚೀಟಿ ಜೊತೆಗಿರಲಿ. ಮನುಷ್ಯರಿಗೆ ಸೂಜಿ ಹಾಕುವವರ ಹತ್ತಿರ ಹೋಗಬೇಡಿ: ಎದೆಗೂಡಿನ ಮೇಲೆ ಆಳ ತಪ್ಪಿದರೆ ಶ್ವಾಸಕೋಶಕ್ಕೇ ತೂತು ಬೀಳಬಹುದು. ನೋಂದಾಯಿತ ಪಶುವೈದ್ಯರೇ ಆಗಬೇಕು, ಅದರಲ್ಲೂ ಅಕ್ಯುಪಂಕ್ಚರ್ ತರಬೇತಿ ಪಡೆದವರು.

ಹೋಗುವ ಎರಡು ಮೂರು ಗಂಟೆ ಮೊದಲು ಸ್ವಲ್ಪ ಊಟ ಹಾಕಿ. ಹಸಿದ ನಾಯಿ ಒಂದೆಡೆ ನಿಲ್ಲುವುದಿಲ್ಲ. ಒಳಗೆ ಹೋಗುವ ಮುನ್ನ ಉಚ್ಚೆ ಮಾಡಿಸಿ.

ಸಾಮಾನ್ಯವಾಗಿ ಬಳಸುವ ಸೂಜಿ 0.20ರಿಂದ 0.25 ಮಿ.ಮೀ. ದಪ್ಪ, 13ರಿಂದ 25 ಮಿ.ಮೀ. ಉದ್ದ. ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣ ಒಡೆಯಲಿ. ಸೊಂಟದ ಭಾಗದ ಬೆನ್ನುಮೂಳೆಯ ಕೊನೆಯ ಮಣಿ ತ್ರಿಕಾಸ್ಥಿಗೆ (ಬಾಲಕ್ಕೆ ಮುಂಚಿನ ಮೂಳೆ) ಕೂಡುವ ಗುಳಿ, ಅದೇ ಭಾಗದ ಎರಡನೇ ಮಣಿಯ ಅಕ್ಕಪಕ್ಕ, ಮಂಡಿಯ ಕೆಳಗೆ ಹೊರಮಗ್ಗುಲು, ಹಿಂಗಾಲಿನ ಬೆರಳುಗಳ ಸಂದು ಇವು ಹೆಚ್ಚಾಗಿ ಆರಿಸುವ ಜಾಗಗಳು. ಬೆರಳ ಸಂದಿಗೆ ಬಹುತೇಕ ನಾಯಿಗಳು ಕಾಲು ಕಿತ್ತುಕೊಳ್ಳುತ್ತವೆ, ಅದನ್ನು ಕೊನೆಗಿಡುವವರು ಜಾಣರು. ಸೂಜಿ 15ರಿಂದ 20 ನಿಮಿಷ ಇರುತ್ತದೆ. ನೀವು ಮುಖದ ಹತ್ತಿರ ಕೂತು ತಟ್ಟೆಗೆ ಸವರಿದ ಮೊಸರು ನೆಕ್ಕಿಸುತ್ತಿರಿ. ಮೈ ಕೊಡವಿದರೆ ಸೂಜಿ ಉದುರುತ್ತದೆ, ಹಾಗಾಗಿ ಹಾಕಿದ್ದೆಷ್ಟು, ತೆಗೆದಿದ್ದೆಷ್ಟು ಎಂದು ನೀವೂ ಎಣಿಸಿ. ನಾಯಿ ಸೂಜಿ ನುಂಗಿದರೆ ವಾಂತಿ ಮಾಡಿಸಬಾರದು, ನೇರ ಎಕ್ಸ್‌ರೇ.

ಕೆಲವೊಮ್ಮೆ ಸೂಜಿಗೆ ಸಣ್ಣಗೆ ವಿದ್ಯುತ್ತನ್ನೂ ಕೊಡುತ್ತಾರೆ. ಆಗ ಸ್ನಾಯು ಮೆಲ್ಲಗೆ ಅದುರುವುದು ಸರಿ, ಕುಂಯ್‌ಗುಟ್ಟಿದರೆ ಕರೆಂಟು ಹೆಚ್ಚಾಗಿದೆ. ಫಿಟ್ಸ್ ಬರುವ ನಾಯಿಗೆ, ಬಸುರಿಗೆ, ಗಡ್ಡೆಯಿರುವ ಜಾಗಕ್ಕೆ ಈ ವಿದ್ಯುತ್ ಬೇಡ.

ವಾರಕ್ಕೊಂದರಂತೆ ನಾಲ್ಕರಿಂದ ಆರು ಸಲ, ಆಮೇಲೆ ಅಂತರ ಹೆಚ್ಚಿಸುವುದು ವಾಡಿಕೆ. ಆ ದಿನ ಸ್ನಾನ, ಮೆಟ್ಟಿಲು, ಜಿಗಿತ ಬೇಡ. ಒಂದು ದಿನ ಮಂಕಾಗಿ ಮಲಗಬಹುದು. ಮೂರನೇ ದಿನವೂ ಬಿಗಿತ ಬಿಡದಿದ್ದರೆ ವೈದ್ಯರಿಗೆ ತಿಳಿಸಿ. ಗುಣವಾಗುತ್ತಿದೆಯೇ ಎಂಬುದನ್ನು ಸಾಕಿದವರ ಕಣ್ಣು ನಂಬಿ ಹೇಳಲಾಗದು. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಹಿಂದಿನಿಂದಲೂ ಪಕ್ಕದಿಂದಲೂ ನಡಿಗೆಯ ವಿಡಿಯೊ ಮಾಡಿ, ಮಲಗಿದಲ್ಲಿಂದ ಏಳಲು ಎಷ್ಟು ಸೆಕೆಂಡು ಎಂದು ಬರೆದಿಡಿ. ಐದನೇ ಸಲಕ್ಕೂ ಆ ಲೆಕ್ಕ ಕದಲದಿದ್ದರೆ ಸೂಜಿ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿಸಿ. ನಯವಾದ ಟೈಲ್ಸ್ ಮೇಲೆ ರಬ್ಬರ್ ಚಾಪೆ ಹಾಸದೆ ಎಷ್ಟು ಸೂಜಿ ಹಾಕಿಸಿದರೂ ಕಾಲು ಜಾರುತ್ತಲೇ ಇರುತ್ತದೆ. ನೋವಿನ ಮಾತ್ರೆಯನ್ನು ನೀವಾಗಿ ಕಡಿಮೆ ಮಾಡಬೇಡಿ.

ಬೆಕ್ಕಾದರೆ ಸೂಜಿ ಕಡಿಮೆ, ಹೊತ್ತೂ ಕಡಿಮೆ. ಅಷ್ಟೂ ತಡೆಯದಿದ್ದರೆ ಅದೇ ಜಾಗಗಳಿಗೆ ವಿಟಮಿನ್ ಬಿ12 ಚುಚ್ಚಿ ಕ್ಷಣದಲ್ಲಿ ಮುಗಿಸುವ ಪದ್ಧತಿಯೂ ಇದೆ.