ಎಂಜೈಮ್ ಹಾಕಿ ಗ್ರಾಫೀನ್ ಆಕ್ಸೈಡ್ ಒಡೆದದ್ದು: ನನ್ನ ಅನುಭವ

ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ), ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ತರಹದ್ದು ಒಮ್ಮೆ ನೀರಿಗೋ ಮಣ್ಣಿಗೋ ಸೇರಿದರೆ ಮುಗೀತು, ಅದು ಕೊಳೆಯುವ ಜಾತಿಯದ್ದಲ್ಲ ಅಂತಲೇ ತುಂಬಾ ಜನ ನಂಬಿದ್ದರು. 2008ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ತಂಡ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಅನ್ನೋ ಎಂಜೈಮ್ ಜೊತೆ ಚೂರೇ ಚೂರು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ನ್ಯಾನೊಟ್ಯೂಬನ್ನು ಒಡೆದು ತೋರಿಸಿತು. ಈ ಎಂಜೈಮ್ ಸಿಗುವುದು ಸಾಸಿವೆ ಕುಟುಂಬದ ಒಂದು ಗಿಡದ ಬೇರಿನಲ್ಲಿ. 2011ರಲ್ಲಿ ಗ್ರಾಫೀನ್ ಆಕ್ಸೈಡ್ (ಆಕ್ಸಿಜನ್ ಗುಂಪುಗಳು ಅಂಟಿಕೊಂಡ ಗ್ರಾಫೀನ್) ಹಾಳೆಗಳಲ್ಲೂ ಅದು ತೂತು ಕೊರೆಯುತ್ತದೆ ಅಂತ ಗೊತ್ತಾಯಿತು.

ನಾನು ಶುರು ಮಾಡಿದ್ದು ಗ್ರಾಫೀನ್ ಆಕ್ಸೈಡ್‌ನಿಂದ. ನೀರಲ್ಲಿ ಸಲೀಸಾಗಿ ಬೆರೆಯುತ್ತದೆ, ಬಣ್ಣ ಕಂದು, ಹಾಗಾಗಿ ಏನಾದರೂ ಆದರೆ ಮೊದಲು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಎಲ್ಲ ಇರುವುದು ಪೆರಾಕ್ಸೈಡ್ ಹಾಕುವ ಕೈಯಲ್ಲಿ. ಎಂಜೈಮ್ ಒಳಗಿನ ಹೀಮ್ ಅನ್ನೋ ಭಾಗದ ಕಬ್ಬಿಣ ಕೆಲಸಕ್ಕಿಳಿಯಬೇಕಾದರೆ ಪೆರಾಕ್ಸೈಡ್ ಬೇಕು, ಆದರೆ ಜಾಸ್ತಿ ಆಯಿತೋ ಅದೇ ಎಂಜೈಮನ್ನು ಕೆಡಿಸಿಬಿಡುತ್ತದೆ. ಹಣತೆಗೆ ಎಣ್ಣೆ ಹಾಕಿದ ಹಾಗೆ, ಒಂದೇ ಸಲ ಸುರಿದರೆ ಬತ್ತಿ ಮುಳುಗಿ ದೀಪವೇ ಆರುತ್ತದೆ. ಸುಮಾರು 40 ಮೈಕ್ರೊಮೋಲಾರ್, ಅಂದರೆ ತೀರಾ ತೆಳು ಮಟ್ಟದಲ್ಲಿಟ್ಟು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದೆ. ಬಾಟಲಿ ಮೇಲೆ ಬರೆದ ಶೇಕಡಾವಾರು ನಂಬಬೇಡಿ, ತೆರೆದಿಟ್ಟ ಪೆರಾಕ್ಸೈಡ್ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. 240 ನ್ಯಾನೊಮೀಟರ್‌ನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆದೇ ಹಾಕಿ. ಎಂಜೈಮ್ ಇನ್ನೂ ಬದುಕಿದೆಯಾ ಅಂತ ನೋಡಲು ಒಂದು ಹನಿಯನ್ನು ಎಬಿಟಿಎಸ್ (ಎಂಜೈಮ್ ಕೆಲಸ ಮಾಡಿದರೆ ಬಣ್ಣ ಬದಲಿಸುವ ರಾಸಾಯನಿಕ) ಮತ್ತು ಪೆರಾಕ್ಸೈಡ್ ಇರುವ ದ್ರಾವಣಕ್ಕೆ ಬಿಡುತ್ತಿದ್ದೆ, ಹಸಿರಾದರೆ ಸರಿ.

ಇನ್ನು ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಇಡುವ ಸಣ್ಣ ಸೀಸೆಗಳು (ವಯಲ್). ಪೆರಾಕ್ಸೈಡ್ ಮಾತ್ರ ಹಾಕಿದ್ದು, ಎಂಜೈಮ್ ಮಾತ್ರ ಹಾಕಿದ್ದು, ಕುದಿಸಿ ಕೊಂದ ಎಂಜೈಮ್ ಜೊತೆ ಪೆರಾಕ್ಸೈಡ್ ಹಾಕಿದ್ದು, ಈ ಮೂರೂ ಪಕ್ಕದಲ್ಲಿ ಇರಲೇಬೇಕು. ಯಾಕೆ ಅಂದರೆ ಬಫರಿನ (ಆಮ್ಲೀಯತೆ ಏರುಪೇರಾಗದಂತೆ ಹಿಡಿಯುವ ದ್ರಾವಣ) ಉಪ್ಪಿಗೇ ಗ್ರಾಫೀನ್ ಆಕ್ಸೈಡ್ ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಎಂಜೈಮೇ ಇಲ್ಲದ ವಯಲ್‌ನಲ್ಲೂ ಮೇಲಿನ ನೀರು ತಿಳಿಯಾಗಿ ನಿಂತಿರುತ್ತದೆ, ಅಲ್ಲಾಡಿಸಿದರೆ ಮತ್ತೆ ಕಂದು! ಅದಕ್ಕೇ ನಾನು ಉಪ್ಪು ಕಡಿಮೆ ಇರುವ ಬಫರ್ ಬಳಸಿ, ಪ್ರತಿ ಸಲ ಚೆನ್ನಾಗಿ ಕದಡಿದ ಮೇಲೆಯೇ ಬಣ್ಣ ಅಳೆದೆ. ಎಂಜೈಮ್ ಮತ್ತು ಪೆರಾಕ್ಸೈಡ್ ಎರಡೂ ಇದ್ದ ವಯಲ್ ಮಾತ್ರ ಕದಡಿದರೂ ದಿನದಿಂದ ದಿನಕ್ಕೆ ಬಣ್ಣ ತಿಳಿಯಾಗುತ್ತಾ ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಾಳೆಗಳ ತುಂಬಾ ತೂತು, ಹುಳ ತಿಂದ ಎಲೆಯಲ್ಲಿ ಇರುವಂಥದ್ದೇ, ಅಂಚೆಲ್ಲ ಹರಿದು.

ಎಲ್ಲ ಕಾರ್ಬನ್‌ಗೂ ಇದೇ ಎಂಜೈಮ್ ನಡೆಯುವುದಿಲ್ಲ. ಮೇಲ್ಮೈ ಮೇಲೆ ಆಕ್ಸಿಜನ್ ಗುಂಪುಗಳಿದ್ದರೆ ಹಾರ್ಸ್‌ರ‍್ಯಾಡಿಶ್ ಎಂಜೈಮಿಗೆ ಹಿಡಿತ ಸಿಗುತ್ತದೆ, ಶುದ್ಧ ನ್ಯಾನೊಟ್ಯೂಬ್ ಅದಕ್ಕೆ ಬಗ್ಗುವುದಿಲ್ಲ. ಮ್ಯಾಂಗನೀಸ್ ಪೆರಾಕ್ಸಿಡೇಸ್ ಇದಕ್ಕೆ ಪೂರ್ತಿ ಉಲ್ಟಾ, ಶುದ್ಧವಾದದ್ದನ್ನು ಒಡೆಯುತ್ತದೆ, ಕಾರ್ಬಾಕ್ಸಿಲ್ ಅನ್ನೋ ಆಕ್ಸಿಜನ್ ಗುಂಪು ಕೂರಿಸಿದ್ದನ್ನು ಬಿಟ್ಟುಬಿಡುತ್ತದೆ. 2014ರಲ್ಲಿ ಇದು ಪ್ರಕಟವಾಯಿತು. ಮರದ ದಿಮ್ಮಿಯನ್ನು ಬೆಳ್ಳಗೆ, ನಾರುನಾರಾಗಿ ಕೊಳೆಸುವ ಅಣಬೆ ಜಾತಿಗಳು ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ಒಡೆಯಲು ಬಳಸುವ ಎಂಜೈಮ್ ಇದು. ಹಾಗಾಗಿ ನಿಮ್ಮ ಕೈಯಲ್ಲಿರುವ ಸ್ಯಾಂಪಲ್ ಯಾವ ಬಗೆಯದ್ದು ಅಂತ ಮೊದಲು ನೋಡಿಕೊಳ್ಳಿ, ಎಂಜೈಮ್ ಆಮೇಲೆ ಕೊಳ್ಳಿ. ಅದೇನು ಅಗ್ಗದ್ದಲ್ಲ.

ಹಾಗಾದರೆ ಹೊಲಕ್ಕೆ ಸಿಂಪಡಿಸಬಹುದಾ ಅಂತ ಕೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಮಣ್ಣಲ್ಲಿ ಕೊಳೆತ ಎಲೆ, ಹ್ಯೂಮಸ್ ಬೇಕಾದಷ್ಟಿರುತ್ತದೆ, ಎಂಜೈಮ್ ಸುಲಭದ್ದನ್ನು ಬಿಟ್ಟು ಕಷ್ಟದ್ದಕ್ಕೆ ಯಾಕೆ ಕೈ ಹಾಕುತ್ತದೆ? ಅಲ್ಲಿನ ಸೂಕ್ಷ್ಮಜೀವಿಗಳ ಕ್ಯಾಟಲೇಸ್ ಎಂಜೈಮ್ ಬೇರೆ, ಪೆರಾಕ್ಸೈಡನ್ನು ಗಳಿಗೆಯಲ್ಲಿ ಮುಗಿಸುತ್ತದೆ. ಲ್ಯಾಬ್, ಕಾರ್ಖಾನೆಯ ತ್ಯಾಜ್ಯ ನೀರನ್ನು ಚರಂಡಿಗೆ ಬಿಡುವ ಮೊದಲೇ ಒಂದು ತೊಟ್ಟಿಯಲ್ಲಿ ಹಿಡಿದು ಈ ಕೆಲಸ ಮಾಡುವುದೇ ಸರಿ ಅನಿಸುತ್ತದೆ.

ಇನ್ನೊಂದು, ಬಣ್ಣ ಹೋದ ಮಾತ್ರಕ್ಕೆ ಎಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ಹೋಯಿತು ಅಂತಲ್ಲ. ಚೂರುಗಳು ನೀರಲ್ಲೇ ಉಳಿದಿರುತ್ತವೆ. ಮುಚ್ಚಳ ಬಿಗಿದ ವಯಲ್‌ನ ಮೇಲ್ಭಾಗದ ಗಾಳಿಯನ್ನು ಗ್ಯಾಸ್ ಕ್ರೊಮಟೋಗ್ರಫಿಗೆ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಹಾಕಿ ನೋಡಿ, ಸಾಧ್ಯವಾದರೆ ಕಾರ್ಬನ್-14 (ವಿಕಿರಣದಿಂದ ಜಾಡು ಹಿಡಿಯಬಹುದಾದ ಕಾರ್ಬನ್) ಗುರುತು ಇರುವ ಸ್ಯಾಂಪಲ್ಲೇ ತರಿಸಿ. ನಾನೀಗ ಆ ಚೂರುಗಳ ಹಿಂದೆ ಬಿದ್ದಿದ್ದೇನೆ.