ತರಕಾರಿ ಬೇಯಿಸಲು ಒಂದು ಪಿಂಗಾಣಿ ತಟ್ಟೆಯ ಮುಚ್ಚಳ

ನಮ್ಮ ಮನೆಯ ಮೈಕ್ರೋವೇವ್ ಮೂರು ವರ್ಷ ಬರೀ ಮೇಜಾಗಿತ್ತು. ಮಗಳು ಬೆಂಗಳೂರಿನಿಂದ ತಂದಿಟ್ಟು ಹೋದದ್ದು. ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪಂಚಾಂಗ, ನನ್ನ ಬಿಪಿ ಮಾತ್ರೆ, ಕರೆಂಟು ಬಿಲ್ಲು. ಕಳೆದ ಮಳೆಗಾಲದಲ್ಲಿ ಹೆಂಡತಿ ಮಗಳ ಬಾಣಂತನಕ್ಕೆಂದು ಹೊರಟಳು. ನಾಲ್ಕು ತಿಂಗಳು. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗಿರುವ ಈ ತೋಟದ ಮನೆಯಲ್ಲಿ ಉಳಿದದ್ದು ನಾನು, ಎರಡು ದನ, ಒಂದು ಬೆಕ್ಕು. 31 ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಅಲಸಂಡೆ ಬೇಯಿಸಲು ಬರುತ್ತಿರಲಿಲ್ಲ.

ಮೊದಲ ವಾರ ಒಲೆಯಲ್ಲೇ ಪ್ರಯತ್ನಿಸಿದೆ. ಸುರಿಯುವ ಮಳೆಗೆ ತೆಂಗಿನ ಕೊತ್ತಳಿಗೆಯೆಲ್ಲ ಒದ್ದೆ. ಗೆರಟೆ ಹಾಕಿ ಊದಿ ಊದಿ ಕಣ್ಣು ಕೆಂಪಾಯಿತು. ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆ ಇಟ್ಟರೆ ಅದರ ತಳದ ನೀರು ಕುದಿಯಲು ಹತ್ತು ನಿಮಿಷ, ಅದೂ ಒಬ್ಬನ ಒಂದು ಹಿಡಿ ತರಕಾರಿಗೆ. ಫೋನಿನಲ್ಲಿ ಮಗಳು, "ಅಪ್ಪಾ, ಆ ಪಂಚಾಂಗ ಎತ್ತಿ ಆಚೆ ಇಡಿ, ಕೆಳಗೆ ಏನಿದೆ ನೋಡಿ" ಅಂದಳು.

ಹಾಗೆ ಶುರುವಾಯಿತು. ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಬರೆಯುತ್ತೇನೆ. ಇದಕ್ಕಾಗಿ ಏನೂ ಕೊಳ್ಳಬೇಕಾಗಿಲ್ಲ, ಎಸೆಯುವಂಥದ್ದೂ ಏನೂ ಉಳಿಯುವುದಿಲ್ಲ.

ಮೈಕ್ರೋವೇವ್ ಬಿಸಿ ಮಾಡುವುದು ಮುಖ್ಯವಾಗಿ ತರಕಾರಿಯೊಳಗಿನ ನೀರನ್ನು. ನಮ್ಮ ತರಕಾರಿಯಲ್ಲಿ ಹೆಚ್ಚಿನದೂ ನೀರೇ ಅಲ್ವಾ? ಆ ನೀರು ಹಬೆಯಾಗುತ್ತದೆ. ಹಬೆ ಹೊರಗೆ ಹೋಗದಂತೆ ತಡೆದರೆ ಅದರಲ್ಲೇ ತರಕಾರಿ ಬೇಯುತ್ತದೆ. ತಡೆಯದಿದ್ದರೆ ಒಣಗಿ ಸುಕ್ಕಾಗಿ ಚೀಪಿದ ಕಬ್ಬಿನಂತಾಗುತ್ತದೆ. ಹಾಗಾಗಿ ಇಲ್ಲಿ ಮುಚ್ಚಳವೇ ಮುಖ್ಯ.

ಮುಚ್ಚಳ ಯಾವುದು? ಪೇಟೆಯಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ ಸಿಗುತ್ತದೆ, ಬಟ್ಟಲಿನ ಬಾಯಿಗೆ ಎಳೆದು ಅಂಟಿಸುವಂಥದ್ದು. ಮಗಳು ಅದನ್ನೂ ಒಂದು ತಂದಿಟ್ಟಿದ್ದಳು. ನಾನು ಎರಡು ಸಲ ಉಪಯೋಗಿಸಿ ಬಿಟ್ಟೆ. ಬಿಸಿ ತಾಗಿದಾಗ, ಅದರಲ್ಲೂ ಎಣ್ಣೆ ಇದ್ದಾಗ, ಕೆಲವು ಪ್ಲಾಸ್ಟಿಕ್ಕಿನಿಂದ ಅದನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಆಹಾರಕ್ಕೆ ಇಳಿಯುತ್ತದೆ. ಇನ್ನೊಂದು ಕಾರಣವೂ ಇದೆ. ಇಲ್ಲಿ ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಅದನ್ನು ತೊಳೆದು ಒಣಗಿಸಿ ಕೊಡಬೇಕು. ಅರಶಿನ ಹಿಡಿದ ಆ ತೆಳು ಹಾಳೆಯನ್ನು ಜಗಲಿಯ ಹಗ್ಗಕ್ಕೆ ಒಣಗಲು ಹಾಕಿದ್ದನ್ನು ನೋಡಿ ಆಚೆಮನೆಯವರು, "ಮಾಷೇ, ಇದೆಂಥದು?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಅವತ್ತೇ ನಿಲ್ಲಿಸಿದೆ.

ಆಮೇಲೆ ಬಟ್ಟೆ ಮುಚ್ಚಿ ನೋಡಿದೆ. ಒದ್ದೆ ಹತ್ತಿ ಬಟ್ಟೆ ಒಳ್ಳೆಯದೇ. ಆದರೆ ನಾನು ತೆಗೆದುಕೊಂಡದ್ದು ಒಂದು ಹಳೆಯ ಓಣಂ ಮುಂಡಿನ ತುಂಡು. ಅಂಚಿನಲ್ಲಿ ಎರಡು ಬೆರಳಗಲ ಕಸವು ಇತ್ತು. ಗುಂಡಿ ಒತ್ತಿದ ಹತ್ತೇ ಸೆಕೆಂಡಿಗೆ ಒಳಗೆ ಚಟಪಟ ಎಂದು ನೀಲಿ ಕಿಡಿ! ಕಸವು ಎಂದರೆ ಲೋಹದ ನೂಲು. ಮಕ್ಕಳಿಗೆ ವಾಹಕ, ಅವಾಹಕ ಎಂದು ಬೋರ್ಡಿನಲ್ಲಿ ಬರೆಸುತ್ತಿದ್ದವನಿಗೆ ಅದು ತಲೆಗೆ ಹೋಗಲಿಲ್ಲ. ಬಟ್ಟೆ ಮುಚ್ಚುವುದಾದರೆ ಜರಿಯಿಲ್ಲದ ಬಿಳಿ ಹತ್ತಿ ಬಟ್ಟೆ ಇರಲಿ. ಚೆನ್ನಾಗಿ ಒದ್ದೆ ಮಾಡಿ ಹಿಂಡಿರಬೇಕು, ಒಣ ಬಟ್ಟೆ ಬೇಡ.

ಕೊನೆಗೆ ನಿಂತದ್ದು ಪಿಂಗಾಣಿ ತಟ್ಟೆಗೆ. ಗಾಜಿನ ಒಂದು ಆಳವಾದ ಬಟ್ಟಲು, ಅದರ ಬಾಯಿಗಿಂತ ಸ್ವಲ್ಪ ದೊಡ್ಡದಾದ ಪಿಂಗಾಣಿ ತಟ್ಟೆ ಮೇಲೆ ಕವುಚಿ. ಇಷ್ಟೇ. ತಟ್ಟೆಯ ಭಾರಕ್ಕೆ ಹಬೆ ಒಳಗೆ ನಿಲ್ಲುತ್ತದೆ, ಜಾಸ್ತಿಯಾದದ್ದು ಅಂಚಿನಲ್ಲಿ ತಾನೇ ದಾರಿ ಮಾಡಿಕೊಳ್ಳುತ್ತದೆ. ಗಾಳಿಯಾಡದಂತೆ ಬಿಗಿಯಾಗಿ ಮುಚ್ಚುವ ಡಬ್ಬಿ ಮಾತ್ರ ಇಡಲೇಬೇಡಿ, ಸಿಡಿಯುತ್ತದೆ.

ತಟ್ಟೆಗೆ ಚಿನ್ನದ ಅಥವಾ ಬೆಳ್ಳಿಯ ಗೆರೆ ಇರಬಾರದು. ಸ್ಟೀಲು, ಹಿತ್ತಾಳೆ ಬೇಡ. ಮದುವೆಯಲ್ಲಿ ಉಡುಗೊರೆಯಾಗಿ ಬರುವ ಹೂವಿನ ಚಿತ್ರದ ಮೆಲಮೈನ್ ತಟ್ಟೆಯೂ ಬೇಡ, ನೋಡಲು ಪಿಂಗಾಣಿಯಂತೆಯೇ ಇರುತ್ತದೆ. ನಿಮ್ಮ ಪಾತ್ರೆಯ ಬಗ್ಗೆ ಸಂಶಯವಿದ್ದರೆ ಹೀಗೆ ಪರೀಕ್ಷಿಸಿ: ಲೋಹದ್ದಲ್ಲ ಎಂದು ಖಚಿತವಾದ ಮೇಲೆ ಖಾಲಿ ಪಾತ್ರೆಯನ್ನು ಒಳಗಿಡಿ. ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರು ಇಡಿ. 1 ನಿಮಿಷ ಓಡಿಸಿ. ನೀರು ಬಿಸಿ, ಪಾತ್ರೆ ತಣ್ಣಗೆ ಇದ್ದರೆ ಆಯಿತು. ಪಾತ್ರೆಯೇ ಸುಡುತ್ತಿದ್ದರೆ ಅದು ಅಡುಗೆಮನೆಯ ಬೇರೆ ಕೆಲಸಕ್ಕಿರಲಿ.

ಈಗ ಅಲಸಂಡೆಯಿಂದ ಶುರು ಮಾಡೋಣ. ಎಳೆಯ ಅಲಸಂಡೆ 250 ಗ್ರಾಂ. ತೊಳೆದು ಒಂದಿಂಚಿನ ತುಂಡು ಮಾಡಿ ಬಟ್ಟಲಿಗೆ ಹಾಕಿ. ಎರಡು ದೊಡ್ಡ ಚಮಚ ನೀರು ಚಿಮುಕಿಸಿ. ಅದಕ್ಕಿಂತ ಜಾಸ್ತಿ ಬೇಡ. ನೀರು ಜಾಸ್ತಿಯಾದರೆ ಕರೆಂಟು ಆ ನೀರನ್ನು ಕಾಯಿಸಲು ಹೋಗುತ್ತದೆ, ತರಕಾರಿಯ ಸಿ ವಿಟಮಿನ್ ಅದರಲ್ಲಿ ಕರಗುತ್ತದೆ. ಉಪ್ಪನ್ನು ಈಗ ಹಾಕಬೇಡಿ, ಉಪ್ಪು ಬಿದ್ದ ಜಾಗ ಒಣಗಿ ಸುಕ್ಕಾಗುತ್ತದೆ. ತಟ್ಟೆ ಕವುಚಿ. ಪೂರ್ತಿ ಶಕ್ತಿಯಲ್ಲಿ 3 ನಿಮಿಷ. ತೆಗೆದು ಒಮ್ಮೆ ತಿರುವಿ ಮತ್ತೆ 2 ನಿಮಿಷ. ಆಮೇಲೆ ಮುಚ್ಚಳ ತೆಗೆಯದೆ ಹಾಗೆಯೇ 2 ನಿಮಿಷ ಬಿಡಿ. ಈ ಬಿಡುವುದು ಬಹಳ ಮುಖ್ಯ. ಯಂತ್ರ ನಿಂತ ಮೇಲೂ ಹಬೆಯಲ್ಲಿ ಬೇಯುವುದು ನಡೆದೇ ಇರುತ್ತದೆ. ನನಗೆ ಮೊದಲು ಇದು ಗೊತ್ತಾಗದೆ, ಬೆಂದಿಲ್ಲವೆಂದು ಇನ್ನೂ 3 ನಿಮಿಷ ಓಡಿಸಿ ಬಳ್ಳಿಯ ನಾರು ತಿಂದ ಹಾಗಾಗಿತ್ತು.

ತೆಗೆಯುವಾಗ ತಟ್ಟೆಯ ಆಚೆಯ ಅಂಚನ್ನು ಮೊದಲು ಎತ್ತಿ, ನಿಮ್ಮ ಮುಖದ ಕಡೆಯದನ್ನಲ್ಲ. ಹಬೆ ಆ ಕಡೆ ಹೋಗಲಿ. ಕೈಗೆ ದಪ್ಪ ಬೈರಾಸು ಸುತ್ತಿಕೊಳ್ಳಿ. ಬಿಸಿ ಗಾಜಿನ ಬಟ್ಟಲನ್ನು ಒದ್ದೆ ಕಲ್ಲಿನ ಕಟ್ಟೆಯ ಮೇಲೆ ಇಡಬೇಡಿ, ಬಿರಿಯುತ್ತದೆ. ಅಡಿಗೆ ಒಂದು ಮಣೆಯೋ ಮಡಚಿದ ಬಟ್ಟೆಯೋ ಇರಲಿ.

ಬೆಂದ ಅಲಸಂಡೆಗೆ ಉಪ್ಪು, ಒಂದು ಹಿಡಿ ತೆಂಗಿನತುರಿ, ಮೇಲೆ ತೆಂಗಿನೆಣ್ಣೆಯ ಒಗ್ಗರಣೆ. ಪಲ್ಯ ಆಯಿತು. ಬಟ್ಟಲಿನ ತಳದಲ್ಲಿ ಉಳಿದ ಒಂದು ಚಮಚ ನೀರನ್ನು ಚೆಲ್ಲಬೇಡಿ, ಪಲ್ಯಕ್ಕೇ ಸೇರಿಸಿ.

ಉಳಿದವಕ್ಕೆ ಇದೇ ಲೆಕ್ಕ, ನಿಮಿಷ ಮಾತ್ರ ಹೆಚ್ಚು ಕಮ್ಮಿ. ತೊಂಡೆಕಾಯಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ 6 ನಿಮಿಷ. ಚೀನಿಕಾಯಿ (ಸಿಹಿಕುಂಬಳ) 4, ಕ್ಯಾರೆಟು 5. ಬೀಟ್‌ರೂಟ್ ಹಟಮಾರಿ, ಸಣ್ಣ ಹೋಳಿಗೂ 8 ನಿಮಿಷ ಬೇಕು. ಹರಿವೆಗೆ ನೀರೇ ಬೇಡ, ತೊಳೆದಾಗ ಎಲೆಗೆ ಹಿಡಿದದ್ದೇ ಸಾಕು, 2 ನಿಮಿಷಕ್ಕೆ ತಯಾರು. ಜೀಗುಜ್ಜೆಯನ್ನು (ದೀವಿಹಲಸು) ತೆಳ್ಳಗೆ ಹೋಳು ಮಾಡಿ ಮೂರು ಚಮಚ ನೀರು ಹಾಕಿ 7 ನಿಮಿಷ ಕೊಟ್ಟರೆ ಬೆಣ್ಣೆಯಂತಾಗುತ್ತದೆ. ಗೆಣಸನ್ನು ಇಡಿಯಾಗಿ ಇಡುವುದಾದರೆ ಮುಳ್ಳುಚಮಚದಲ್ಲಿ ಏಳೆಂಟು ಕಡೆ ಚುಚ್ಚಿ. ಸಿಪ್ಪೆಯೊಳಗೆ ಹಬೆ ಸಿಕ್ಕಿ ಒಡೆಯಬಹುದು.

ಹೋಳು ದೊಡ್ಡದಿದ್ದರೆ ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ಅಲೆಗಳು ಒಳಗಿಳಿಯುವುದು ಎರಡು ಮೂರು ಸೆಂಟಿಮೀಟರಿನಷ್ಟೇ. ಒಂದೇ ಅಳತೆಗೆ ಹೆಚ್ಚಿ. ಬಟ್ಟಲಿನಲ್ಲಿ ದಪ್ಪನೆಯ ತುಂಡು ಸುತ್ತಲೂ, ತೆಳುವಾದದ್ದು ನಡುವೆ ಇರಲಿ, ಅಂಚಿಗೆ ಬಿಸಿ ಬೇಗ ತಾಗುತ್ತದೆ.

ಈ ನಿಮಿಷಗಳೆಲ್ಲ ನನ್ನ 800 ವ್ಯಾಟಿನ ಯಂತ್ರದ್ದು. ನಿಮ್ಮದು ಬೇರೆಯಾದರೆ ನನ್ನ ನಿಮಿಷವನ್ನು 800ರಿಂದ ಗುಣಿಸಿ ನಿಮ್ಮ ವ್ಯಾಟಿನಿಂದ ಭಾಗಿಸಿ. 700 ವ್ಯಾಟಿಗೆ ನನ್ನ 4 ನಿಮಿಷ ಸುಮಾರು ನಾಲ್ಕೂವರೆ ಆಗುತ್ತದೆ. (ಮೇಷ್ಟ್ರ ಬುದ್ಧಿ ಹೋಗುವುದಿಲ್ಲ.) ಸಂಜೆ ಏಳರ ಮೇಲೆ ನಮ್ಮಲ್ಲಿ ವೋಲ್ಟೇಜು ಇಳಿದಿರುತ್ತದೆ, ಬಲ್ಬು ನೋಡಿದರೇ ಗೊತ್ತಾಗುತ್ತದೆ. ಆಗ ಒಂದು ನಿಮಿಷ ಸೇರಿಸಿ. ಖರ್ಚಿನ ಮಾತು ಹೇಳುವುದಾದರೆ, 800 ವ್ಯಾಟಿನ ಬಿಸಿ ಕೊಡಲು ಯಂತ್ರ ಎಳೆಯುವುದು ಸುಮಾರು 1200 ವ್ಯಾಟ್. 5 ನಿಮಿಷಕ್ಕೆ ಒಂದು ಯೂನಿಟಿನ ಹತ್ತರಲ್ಲೊಂದು ಭಾಗ.

ಆದರೆ ಇದು ಒಬ್ಬಿಬ್ಬರ ಲೆಕ್ಕ. ತರಕಾರಿ ಎರಡು ಪಟ್ಟಾದರೆ ಸಮಯವೂ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಹತ್ತು ಜನರ ಊಟವಿದ್ದರೆ ಅಟ್ಟಿನಳಗೆಯೇ ವಾಸಿ, ತೋಟದ್ದೇ ಸೌದೆ ಇದ್ದವರಿಗಂತೂ.

ಬಾಳೆಲೆಯ ಮಾತು ಬಿಟ್ಟರೆ ಈ ಊರಿನವನಾಗಿ ತಪ್ಪಾದೀತು. ಎಲೆಯ ಕೀತಿನ ನಡುದಂಟು ಸೀಳಿ ತೆಗೆಯಿರಿ. ನೀರು ಚಿಮುಕಿಸಿ ಮೈಕ್ರೋವೇವ್‌ನಲ್ಲೇ 20 ಸೆಕೆಂಡು ಇಟ್ಟರೆ ಬಾಡಿ ಮೆತ್ತಗಾಗುತ್ತದೆ, ಕೆಂಡದ ಮೇಲೆ ಹಿಡಿಯಬೇಕೆಂದಿಲ್ಲ. ಅದರಲ್ಲಿ ಹೆಚ್ಚಿದ ತರಕಾರಿ, ಕಾಯಿತುರಿ, ಒಂದು ಸೀಳಿದ ಕಾಯಿಮೆಣಸು ಇಟ್ಟು ಪೊಟ್ಟಣದಂತೆ ಮಡಚಿ, ಮಡಿಕೆ ಕೆಳಗೆ ಬರುವಂತೆ ತಟ್ಟೆಯಲ್ಲಿಡಿ. ಕಟ್ಟಲು ಒದ್ದೆ ಬಾಳೆನಾರು, ಚುಚ್ಚಲು ಹಿಡಿಸೂಡಿಯ ಹಸಿ ಕಡ್ಡಿ. ಸ್ಟೇಪ್ಲರ್ ಪಿನ್ನು ಹೊಡೆಯಬೇಡಿ, ಕಸವಿನ ಕಥೆ ಮತ್ತೆ ಆದೀತು. 200 ಗ್ರಾಮಿಗೆ 4 ನಿಮಿಷ. ಬಿಚ್ಚಿದಾಗ ಬರುವ ಪರಿಮಳವನ್ನು ಯಾವ ಗಾಜಿನ ಬಟ್ಟಲೂ ಕೊಡಲಾರದು. ಮಳೆಗಾಲದಲ್ಲಿ ಅರಶಿನ ಎಲೆ ಸಿಕ್ಕಿದರೆ ಬಟ್ಟಲಿನ ತಳಕ್ಕೆ ಒಂದು ಹಾಸಿ, ಮೇಲೆ ಚೀನಿಕಾಯಿ ಹಾಕಿ ನೋಡಿ. ತಿಂದ ಮೇಲೆ ಎಲೆಗಳೆಲ್ಲ ಗೊಬ್ಬರದ ಗುಂಡಿಗೆ. ಅಡಿಕೆ ಹಾಳೆಯ ತಟ್ಟೆಯನ್ನು ಮಾತ್ರ ನಾನು ಒಳಗಿಡುವುದಿಲ್ಲ. ಒಣಗಿದ ವಸ್ತು, ಕರಟಿದರೆ ಮನೆಯೆಲ್ಲ ವಾಸನೆ.

ಎಲ್ಲವನ್ನೂ ಹೀಗೆ ಬೇಯಿಸಲು ಹೋಗಬೇಡಿ. ಮರಗೆಣಸಿನಲ್ಲಿ ವಿಷವಾಗಬಲ್ಲ ಸಯನೈಡಿನ ಅಂಶ ಇರುತ್ತದೆ. ಅದನ್ನು ಸಿಪ್ಪೆ ಸುಲಿದು ತುಂಬ ನೀರಿನಲ್ಲಿ ಬೇಯಿಸಿ ನೀರು ಬಸಿಯಲೇಬೇಕು, ಎರಡು ಚಮಚ ನೀರಿನ ಆಟ ಅಲ್ಲಿ ಬೇಡ. ಕೆಸು, ಸುವರ್ಣಗಡ್ಡೆ ಅರೆಬೆಂದರೆ ಗಂಟಲು ತುರಿಸುತ್ತದೆ. ಅವಕ್ಕೆ ಹುಳಿ, ಒಲೆ, ತಾಳ್ಮೆ ಮೂರೂ ಬೇಕು. ಇಷ್ಟು ಗೊತ್ತಿದ್ದೂ ಆಟಿ ತಿಂಗಳ (ಜುಲೈ-ಆಗಸ್ಟ್) ಕೊನೆಗೆ ನನಗೆ ಕೆಸುವಿನೆಲೆಯ ಪತ್ರೊಡೆಯ ಆಸೆ ಹುಟ್ಟಿತು. ಹಿಟ್ಟು ಬಳಿದು ಸುತ್ತಿ ತಟ್ಟೆ ಕವುಚಿ 12 ನಿಮಿಷ ಇಟ್ಟೆ. ಅಂಚು ಚಪ್ಪಲಿಯಂತೆ ಗಟ್ಟಿ, ನಡುವೆ ಹಸಿ ಅಕ್ಕಿಹಿಟ್ಟು, ತುರಿಕೆ ಬೇರೆ. ದನವೂ ಮೂಸಿ ಬಿಟ್ಟಿತು.

ಯಂತ್ರ ಕೊಳೆಯಾದರೆ ಗಾಜಿನ ಬಟ್ಟಲಿಗೆ ಒಂದು ಲೋಟ ನೀರು, ಹಿಂಡಿ ಉಳಿದ ನಿಂಬೆ ಸಿಪ್ಪೆ, ಒಂದು ಮರದ ಚಮಚ ಹಾಕಿ 3 ನಿಮಿಷ ಓಡಿಸಿ. ಚಮಚ ಯಾಕೆಂದರೆ, ಸುಮ್ನೆ ನಿಂತ ನೀರು ಕುದಿಯದೆಯೇ ಅತಿಯಾಗಿ ಕಾದು ಮುಟ್ಟಿದಾಗ ಉಕ್ಕುವುದುಂಟು. 5 ನಿಮಿಷ ಬಾಗಿಲು ತೆಗೆಯದೆ ಬಿಟ್ಟು ಆಮೇಲೆ ಒರೆಸಿ. ಸೋಪು ಬೇಡ.

ಹೆಂಡತಿ ನವರಾತ್ರಿಗೆ ಮೊದಲು ಬಂದಳು. ಬಂದ ದಿನ ನಾನೇ ತೊಂಡೆಕಾಯಿ ಪಲ್ಯ ಬಡಿಸಿದೆ. ತಿಂದಳು, ಏನೂ ಹೇಳಲಿಲ್ಲ, ಇನ್ನೊಮ್ಮೆ ಹಾಕಿಸಿಕೊಂಡಳು. ಮರುದಿನ ನೋಡಿದರೆ ಪಂಚಾಂಗ, ಮಾತ್ರೆ, ಬಿಲ್ಲು ಎಲ್ಲ ಫ್ರಿಜ್ಜಿನ ಮೇಲೆ ಹತ್ತಿ ಕೂತಿದ್ದವು.