ಸೊಂಟದ ಕೀಲು ನೋವಿನ ಜೊತೆಗೇ ಹೆರಿಗೆ: ನನ್ನ ಅನುಭವ

ಐದನೇ ತಿಂಗಳು ಮುಗಿಯುವ ಹೊತ್ತಿಗೆ ನಿಂತುಕೊಂಡು ಪ್ಯಾಂಟ್ ಹಾಕಿಕೊಳ್ಳಲು ಆಗದಂತಾಯಿತು. ಒಂಟಿ ಕಾಲಲ್ಲಿ ನಿಂತರೆ ಸಾಕು, ಕಿಬ್ಬೊಟ್ಟೆಯ ಕೆಳಗಿನ ಮೂಳೆಯಲ್ಲಿ ಚಳಕ್ ಅನ್ನುತ್ತಿತ್ತು. ಮೆಟ್ಟಿಲು ಹತ್ತುವಾಗಲೂ ಅಷ್ಟೇ, ಕಾರಿನಿಂದ ಇಳಿಯುವಾಗಲೂ ಅಷ್ಟೇ. ಜೊತೆಗೆ ಆಗಾಗ ಕಟಕ್ ಅನ್ನೋ ಸದ್ದು ಬೇರೆ.

"ಬಸುರಿ ಅಂದ್ಮೇಲೆ ಸೊಂಟ ನೋಯದೆ ಇರುತ್ತಾ?" ಅಂದವರೇ ಎಲ್ಲ. ಸುಮಾರು ಐವರಲ್ಲಿ ಒಬ್ಬ ಗರ್ಭಿಣಿಗೆ ಈ ನೋವು ಬರುತ್ತದೆ, ನಿಜ. ಹಾಗಂತ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕಾಗಿಲ್ಲ.

ಸೊಂಟದ ಮೂಳೆಗಳಿಗೆ ಮುಂದೆ ಒಂದು, ಹಿಂದೆ ಎರಡು ಕೀಲುಗಳಿವೆ. ಮುಂದಿನ ಕೀಲಿನ ಸಂದು ಮಾಮೂಲಾಗಿ 4–5 ಮಿಲಿಮೀಟರ್. ಬಸುರಿಯಲ್ಲಿ ಇನ್ನೂ 2–3 ಮಿಲಿಮೀಟರ್ ಅಗಲವಾಗುವುದು ಸಹಜ. ಮೂರೂ ಕೀಲುಗಳು ಒಂದೇ ಸಮ ಅಲುಗಾಡದಿದ್ದಾಗ ನೋವು ಜಾಸ್ತಿ. ಮಗುವಿಗೆ ಇದರಿಂದ ಏನೂ ಆಗುವುದಿಲ್ಲ.

ನನ್ನನ್ನು ಅಳಿಸಿದ್ದು ರಾತ್ರಿ ಮಗ್ಗುಲು ಬದಲಿಸುವ ಕೆಲಸ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಎರಡೂ ಮಂಡಿ ಮಡಿಸಿ ಜೋಡಿಸುತ್ತಿದ್ದೆ. ನಡುವೆ ದಿಂಬನ್ನು ಅವುಚಿಕೊಂಡು, ಉಸಿರು ಬಿಡುತ್ತಾ, ಭುಜ, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ ಹೊರಳಿಸುತ್ತಿದ್ದೆ. ಏಳುವಾಗಲೂ ಹಾಗೇ: ಮೊದಲು ಮಗ್ಗುಲಾಗಿ, ಎರಡೂ ಕಾಲು ಒಟ್ಟಿಗೆ ಕೆಳಗಿಳಿಸಿ, ಕೈ ಊರಿ ಏಳುವುದು. ಜಾರುವ ಬಟ್ಟೆಯ ನೈಟಿ ಹಾಕಿದರೆ ಹೊರಳುವುದು ಇನ್ನೂ ಸಲೀಸು (ಇದು ನಾನೇ ಕಂಡುಕೊಂಡಿದ್ದು). ಬಟ್ಟೆ ಕೂತೇ ಹಾಕಿಕೊಳ್ಳುತ್ತಿದ್ದೆ. ಸೊಂಟದ ಬೆಲ್ಟ್ ನಡೆಯುವಾಗ ಮಾತ್ರ. ಪೃಷ್ಠದ ಮತ್ತು ಕೆಳಹೊಟ್ಟೆಯ ಸ್ನಾಯುಗಳಿಗೆ ಹಗುರ ವ್ಯಾಯಾಮವೂ ಇತ್ತು. ಬೆಲ್ಟ್‌ಗಿಂತ ಅದೇ ಹೆಚ್ಚು ಕೈಹಿಡಿಯಿತು ಅನ್ನಿಸುತ್ತದೆ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಲಿಲ್ಲ. ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ರಕ್ತ ಕಂಡರೆ ಇದು ಕೀಲು ನೋವು ಅಂತ ಸುಮ್ಮನೆ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೆರಿಗೆಗೆ ಮೊದಲು ಮಾಡಿಟ್ಟುಕೊಂಡ ಒಂದು ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ. ಮಲಗಿ ಮಂಡಿ ಮಡಿಸಿ, ನೋವಾಗದಂತೆ ಎಷ್ಟು ಅಗಲಿಸಬಹುದು ಅಂತ ಟೇಪ್ ಹಿಡಿದು ಅಳೆಸಿಕೊಂಡೆ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದನ್ನು ಫೈಲಿನ ಮೊದಲ ಪುಟದಲ್ಲೇ ಬರೆಸಿದೆ. ಬೆನ್ನಿಗೆ ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸುವ ಇಂಜೆಕ್ಷನ್) ಕೊಟ್ಟ ಮೇಲೆ ನೋವೇ ಗೊತ್ತಾಗುವುದಿಲ್ಲ, ಕಾಲು ಅಳತೆ ಮೀರಿ ಅಗಲಿಸಿದರೂ ನಮಗೆ ತಿಳಿಯುವುದಿಲ್ಲ, ಅಲ್ವಾ? ಆಗ ಕಾಯುವುದು ಆ ಅಳತೆಯೇ. ನಾನು ಎಡಮಗ್ಗುಲಾಗಿ ಮಲಗಿಯೇ ಹೆತ್ತೆ. ನರ್ಸ್ ಮೇಲಿನ ಕಾಲನ್ನು ಅಳತೆಯೊಳಗೇ ಎತ್ತಿ ಹಿಡಿದಿದ್ದರು. ಮಂಡಿಯೂರಿ ಕೈ ಊರುವ ಭಂಗಿಯೂ ಆಗುತ್ತದೆ. ಹೊಲಿಗೆ ಹಾಕಲು ಕಾಲನ್ನು ಮೇಲಿಡಬೇಕಾದಾಗ ಎರಡನ್ನೂ ಒಟ್ಟಿಗೆ ಎತ್ತಿ, ಬೇಗ ಇಳಿಸಿದರು.

ಹೆರಿಗೆಯಾದ ಕೂಡಲೇ ನೋವು ಮಾಯವಾಗಲಿಲ್ಲ. ಬಾಣಂತನದಲ್ಲೂ ದಿಂಬು, ಬೆಲ್ಟ್ ಇದ್ದವು. ಮಗುವನ್ನು ಸೊಂಟದ ಒಂದೇ ಪಕ್ಕಕ್ಕೆ ಎತ್ತಿಕೊಳ್ಳುತ್ತಿರಲಿಲ್ಲ. ಬಹಳಷ್ಟು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ನನಗೂ ಹಾಗೇ ಆಯಿತು. ಮುಂದಿನ ಬಸಿರಿನಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು, ಹಾಗಾಗಿ ವ್ಯಾಯಾಮವನ್ನು ಇನ್ನೂ ಬಿಟ್ಟಿಲ್ಲ.